ಗಣಕಕ್ಕೆ ಬರೆದಿಟ್ಟ ಆಜ್ಞೆಗಳು

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ವಿಜಯನಗರವನ್ನು ದಾಟಿ ಜ್ಞಾನಭಾರತಿಯ ಕಡೆಗೆ ಸಾಗುವವರಿಗೆ ನಾಗರಬಾವಿ ಎಂಬ ಬಡಾವಣೆ ಸಿಗುತ್ತದೆ. ಹಿಂದೆ ನಗರದ ಹೊರಗಿನ ಹಳ್ಳಿಯಾಗಿದ್ದ ಈ ಸ್ಥಳವು ಇಂದು ವಿದ್ಯಾಸಂಸ್ಥೆಗಳ ನೆಲೆಯಾಗಿದೆ. ಪ್ರೊಫೆಸರ್ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯು ಇಲ್ಲಿದೆ. ರಾಷ್ಟ್ರೀಯ ಕಾನೂನು ಶಾಲೆಯೂ ಇಲ್ಲಿಯೇ ಇದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವು ಇದರ ನೆರೆಯಲ್ಲಿದೆ.

ಇಂಥ ಸಂಸ್ಥೆಗಳ ನಿಜವಾದ ಸಂಪತ್ತು ಅವುಗಳ ಕಟ್ಟಡಗಳಲ್ಲ, ಅವು ಕೂಡಿಟ್ಟಿರುವ ಮಾಹಿತಿ. ಸಂಶೋಧಕರು ಹಳ್ಳಿಹಳ್ಳಿಗೆ ಹೋಗಿ, ಮನೆಮನೆಯ ಜಗುಲಿಯಲ್ಲಿ ಕುಳಿತು, ಬೆಳೆ ಎಷ್ಟು, ಸಾಲ ಎಷ್ಟು, ಮಕ್ಕಳು ಶಾಲೆಗೆ ಹೋಗುತ್ತಾರೆಯೇ ಎಂದು ಕೇಳಿ ಬರೆದುಕೊಂಡ ಉತ್ತರಗಳು ಇಂದು ಗಣಕಯಂತ್ರದ ಕಡತಗಳಲ್ಲಿರುತ್ತವೆ. ಕಟ್ಟಡ ಬಿದ್ದರೆ ಮತ್ತೆ ಕಟ್ಟಬಹುದು. ಆದರೆ ಹತ್ತು ವರ್ಷಗಳ ಹಿಂದಿನ ಬರಗಾಲದಲ್ಲಿ ಒಂದು ಕುಟುಂಬವು ಹೇಗೆ ಬದುಕಿತು ಎಂಬ ಮಾಹಿತಿ ಅಳಿದುಹೋದರೆ, ಆ ವರ್ಷವನ್ನು ಮತ್ತೆ ತರಲು ಯಾರಿಂದಲೂ ಸಾಧ್ಯವಿಲ್ಲ. ಆದುದರಿಂದ ಗಣಕದಲ್ಲಿರುವ ಮಾಹಿತಿಯನ್ನು ಪ್ರತಿದಿನವೂ ಬೇರೊಂದು ಕಡೆ ನಕಲು ಮಾಡಿಡಬೇಕು. ಈ ನಕಲಿಗೆ ಬ್ಯಾಕಪ್ ಎಂದು ಹೆಸರು.

ಈ ಕೆಲಸವನ್ನು ದಿನವೂ ಒಬ್ಬ ಮನುಷ್ಯ ಕುಳಿತು ಮಾಡುವುದು ಕಷ್ಟ. ಒಂದು ದಿನ ಅವನು ರಜೆ ಹಾಕಬಹುದು, ಇನ್ನೊಂದು ದಿನ ಮರೆಯಬಹುದು. ಅದಕ್ಕಾಗಿ ಗಣಕದ ಆಡಳಿತ ನೋಡಿಕೊಳ್ಳುವವರು ತಾವು ಒಂದೊಂದಾಗಿ ಕೊಡಬೇಕಾದ ಆಜ್ಞೆಗಳನ್ನು ಕ್ರಮವಾಗಿ ಒಂದು ಕಡತದಲ್ಲಿ ಬರೆದಿಡುತ್ತಾರೆ. ನಿಗದಿಯಾದ ವೇಳೆಗೆ ಗಣಕವು ಆ ಕಡತವನ್ನು ಓದಿ, ಸಾಲುಸಾಲಾಗಿ ನಡೆಸುತ್ತದೆ. ಹೀಗೆ ಬರೆದಿಟ್ಟ ಆಜ್ಞೆಗಳ ಸಮೂಹವೇ ಸ್ಕ್ರಿಪ್ಟ್.

ಇದರ ಇತಿಹಾಸ ಅರ್ಧ ಶತಮಾನಕ್ಕೂ ಹಳೆಯದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ರೂಪಿಸಲು ತೊಡಗಿದರು. ಬಳಕೆದಾರನು ಬೆರಳಚ್ಚು ಮಾಡಿದ ಆಜ್ಞೆಯನ್ನು ಓದಿ ನಡೆಸುವ ತಂತ್ರಾಂಶಕ್ಕೆ ಶೆಲ್ ಎಂದು ಹೆಸರು. 1973ರಲ್ಲಿ ಡಗ್ಲಸ್ ಮೆಕಿಲ್ರಾಯ್ ಅವರ ಸೂಚನೆಯಂತೆ, ಒಂದು ಆಜ್ಞೆಯಿಂದ ಬಂದ ಫಲವನ್ನು ಮುಂದಿನ ಆಜ್ಞೆಗೆ ಹರಿಸುವ ಪೈಪ್ ಎಂಬ ಏರ್ಪಾಡು ಬಂದಿತು. 1979ರಲ್ಲಿ ಸ್ಟೀಫನ್ ಬೋರ್ನ್ ರಚಿಸಿದ ಶೆಲ್ ಪ್ರಚಾರಕ್ಕೆ ಬಂದಿತು. 1989ರಲ್ಲಿ ಬ್ರಯಾನ್ ಫಾಕ್ಸ್ ಅದೇ ಮಾದರಿಯಲ್ಲಿ ಬ್ಯಾಷ್ ಎಂಬ ಶೆಲ್ಲನ್ನು ಬರೆದರು. ಇಂದು ಲಿನಕ್ಸ್ ನಡೆಸುವ ಅಸಂಖ್ಯ ಸರ್ವರ್‌ಗಳಲ್ಲಿ ಈ ಬ್ಯಾಷ್ ಕೆಲಸ ಮಾಡುತ್ತಿದೆ.

ಈಗ ನಾವು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಅಧ್ಯಯನ ಕೇಂದ್ರದಲ್ಲಿ ಗಣಕದ ಹೊಣೆ ಹೊತ್ತ ಯುವಕನೊಬ್ಬನು ಮೂರು ಸಾಲುಗಳ ಸ್ಕ್ರಿಪ್ಟ್ ಬರೆದಿದ್ದಾನೆ. ಮೊದಲನೆಯ ಸಾಲು: ನಕಲುಗಳನ್ನು ಇಡುವ ಫೋಲ್ಡರಿಗೆ ಹೋಗು. ಎರಡನೆಯದು: ಅಲ್ಲಿ ಮೂವತ್ತು ದಿನಗಳಿಗಿಂತ ಹಳೆಯದಾದ ಕಡತಗಳನ್ನು ಅಳಿಸು. ಮೂರನೆಯದು: ಇಂದಿನ ಮಾಹಿತಿಯನ್ನೆಲ್ಲ ಒಟ್ಟುಗೂಡಿಸಿ ಅಲ್ಲಿ ಹೊಸ ನಕಲನ್ನು ಇಡು. ರಾತ್ರಿ ಎರಡು ಗಂಟೆಗೆ ಇದು ನಡೆಯುವಂತೆ ಅವನು ಏರ್ಪಾಡು ಮಾಡಿದ್ದಾನೆ. ಓದುವವರಿಗೆ ಇದರಲ್ಲಿ ಯಾವ ದೋಷವೂ ಕಾಣುವುದಿಲ್ಲ. ನೂರು ರಾತ್ರಿ ಅದು ಸರಿಯಾಗಿಯೇ ನಡೆಯಿತು.

ನೂರ ಒಂದನೆಯ ರಾತ್ರಿ, ನಕಲುಗಳಿದ್ದ ಹೊರ ಡಿಸ್ಕಿನ ತಂತಿ ಸಡಿಲವಾಗಿತ್ತೆಂದು ಭಾವಿಸೋಣ. ಮೊದಲನೆಯ ಸಾಲಿನಲ್ಲಿ ಹೇಳಿದ ಫೋಲ್ಡರು ಗಣಕಕ್ಕೆ ಸಿಗಲಿಲ್ಲ. ಮನುಷ್ಯನಾದರೆ ಅಲ್ಲಿಯೇ ನಿಂತು, 'ಸ್ವಾಮಿ, ಕೋಣೆಗೆ ಬೀಗ ಹಾಕಿದೆ' ಎಂದು ಹೇಳುತ್ತಿದ್ದನು. ಶೆಲ್ ಹಾಗೆ ಮಾಡುವುದಿಲ್ಲ. ಒಂದು ಸಾಲು ವಿಫಲವಾದರೂ ಅದು ಮುಂದಿನ ಸಾಲಿಗೆ ಹೋಗುತ್ತದೆ. ಹೀಗಾಗಿ ತಾನು ನಿಂತಿದ್ದ ಜಾಗದಲ್ಲೇ, ಅಂದರೆ ಮೂಲ ಮಾಹಿತಿಯಿದ್ದ ಫೋಲ್ಡರಿನಲ್ಲೇ, ಮೂವತ್ತು ದಿನಗಳಿಗಿಂತ ಹಳೆಯ ಕಡತಗಳನ್ನೆಲ್ಲ ಅಳಿಸಿಹಾಕಿತು. ಹಳೆಯ ಸಮೀಕ್ಷೆಗಳೆಂದರೆ ಹಳೆಯ ಕಡತಗಳೇ ಅಲ್ಲವೇ?

ಇದರಿಂದ ಮೊದಲನೆಯ ಪಾಠ ದೊರೆಯುತ್ತದೆ. ಪ್ರತಿಯೊಂದು ಆಜ್ಞೆಯೂ ಮುಗಿಯುವಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಸೊನ್ನೆಯಾದರೆ ಕೆಲಸ ಕೈಗೂಡಿತೆಂದೂ, ಬೇರೆ ಸಂಖ್ಯೆಯಾದರೆ ಕೆಟ್ಟಿತೆಂದೂ ಅರ್ಥ. ಸ್ಕ್ರಿಪ್ಟ್ ಬರೆಯುವವನು ಈ ಸಂಖ್ಯೆಯನ್ನು ಕೇಳಬೇಕು. ಕೆಟ್ಟಿದ್ದರೆ ಅಲ್ಲಿಯೇ ನಿಲ್ಲಿಸಬೇಕು. ಯಾವ ಸಾಲು ಕೆಟ್ಟರೂ ಒಡನೆ ನಿಲ್ಲುವಂತೆ ಬ್ಯಾಷ್‌ಗೆ ಆರಂಭದಲ್ಲೇ ಹೇಳಿಡುವ ಸೌಲಭ್ಯವಿದೆ. ಆದರೆ ಷರತ್ತುಗಳ ಒಳಗಿರುವ ಆಜ್ಞೆಗಳಿಗೆ ಅದು ಅನ್ವಯಿಸುವುದಿಲ್ಲ. ಪೈಪಿನಲ್ಲಿ ಜೋಡಿಸಿದ ಆಜ್ಞೆಗಳಲ್ಲಿ ಕೊನೆಯದರ ಸಂಖ್ಯೆಯನ್ನು ಮಾತ್ರ ಶೆಲ್ ಗಮನಿಸುತ್ತದೆ. ಎಲ್ಲವನ್ನೂ ಗಮನಿಸಬೇಕಾದರೆ ಅದನ್ನು ಬೇರೆಯಾಗಿ ಹೇಳಬೇಕು. ಆದುದರಿಂದ ಅಪಾಯಕಾರಿಯಾದ ಪ್ರತಿ ಹೆಜ್ಜೆಯ ಮುಂಚೆ ಸ್ಪಷ್ಟವಾಗಿ ಪರೀಕ್ಷಿಸುವುದೇ ಕ್ಷೇಮ.

ಎರಡನೆಯ ಅಪಾಯ ಬರಿದಾದ ಹೆಸರಿನದು. ಸ್ಕ್ರಿಪ್ಟಿನಲ್ಲಿ ಫೋಲ್ಡರಿನ ವಿಳಾಸವನ್ನು ಒಂದು ಹೆಸರಿನಲ್ಲಿ ಹಿಡಿದಿಟ್ಟು, ಮುಂದೆ ಆ ಹೆಸರನ್ನೇ ಬಳಸುವ ವಾಡಿಕೆಯಿದೆ. ಆ ಹೆಸರಿನೊಳಗೆ ಏನೂ ಇಲ್ಲದಿದ್ದರೆ ಶೆಲ್ ಆಕ್ಷೇಪಿಸದೆ ಶೂನ್ಯವನ್ನೇ ಅಲ್ಲಿ ಇಡುತ್ತದೆ. 2015ರ ಜನವರಿಯಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ಇಂಥದೇ ದೋಷ ಬೆಳಕಿಗೆ ಬಂದಿತು. ತನ್ನ ಫೋಲ್ಡರಿನೊಳಗಿನದನ್ನೆಲ್ಲ ಅಳಿಸು ಎಂಬ ಆಜ್ಞೆಯಲ್ಲಿ ಫೋಲ್ಡರಿನ ಹೆಸರು ಬರಿದಾದಾಗ, ಉಳಿದದ್ದು ಡಿಸ್ಕಿನ ಬುಡದಿಂದ ಎಲ್ಲವನ್ನೂ ಅಳಿಸು ಎಂಬ ಅರ್ಥ. ಬಳಕೆದಾರರ ಸ್ವಂತ ಕಡತಗಳು ಅಳಿದುಹೋದವು. ಆ ಸಾಲಿನ ಮೇಲೆ ಬರೆದವರೇ 'ಭಯವಾಗುತ್ತದೆ' ಎಂಬರ್ಥದ ಒಂದು ಟಿಪ್ಪಣಿಯನ್ನು ಬಿಟ್ಟಿದ್ದರೆಂಬುದು ಗಮನಾರ್ಹ. ಭಯ ಹುಟ್ಟಿದಾಗ ಟಿಪ್ಪಣಿ ಬರೆದರೆ ಸಾಲದು, ತಡೆಯನ್ನೂ ಕಟ್ಟಬೇಕು. ಬೆಲೆಯೇ ಇಲ್ಲದ ಹೆಸರನ್ನು ಬಳಸಿದರೆ ನಿಲ್ಲು ಎಂದು ಶೆಲ್‌ಗೆ ಮೊದಲೇ ತಿಳಿಸಬಹುದು. ಹೆಸರಿಗೆ ಬರಿದಾದ ಬೆಲೆ ಕೊಟ್ಟಿದ್ದರೆ ಅದು ನಿಲ್ಲುವುದಿಲ್ಲವಾದ್ದರಿಂದ, ಅಳಿಸುವ ಮುನ್ನ ಹೆಸರು ಬರಿದೇ ಎಂದು ನಾವೇ ನೋಡಬೇಕು.

ಮೂರನೆಯದು ಬಿಡಿಪದಗಳ ತೊಡಕು. ಶೆಲ್‌ಗೆ ಖಾಲಿ ಜಾಗವೆಂದರೆ ಒಂದು ಪದ ಮುಗಿದು ಇನ್ನೊಂದು ಆರಂಭವಾಯಿತೆಂಬ ಗುರುತು. 'ಹಳೆಯ ಪಟ್ಟಿ' ಎಂಬ ಹೆಸರಿನ ಕಡತವನ್ನು ಅಳಿಸೆಂದರೆ, ಅದು 'ಹಳೆಯ' ಎಂಬ ಕಡತವನ್ನೂ 'ಪಟ್ಟಿ' ಎಂಬ ಕಡತವನ್ನೂ ಹುಡುಕುತ್ತದೆ. 'ಪಟ್ಟಿ' ಎಂಬ ಬೇರೊಂದು ಮುಖ್ಯ ಕಡತವು ಅಲ್ಲಿದ್ದರೆ ಅದು ನಾಶವಾಗುತ್ತದೆ. ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೆ ಈ ತೊಡಕು ಇಲ್ಲ. ಎರಡು ಸಣ್ಣ ಗುರುತುಗಳ ಆಲಸ್ಯದಿಂದ ಆಗುವ ಹಾನಿ ಸಣ್ಣದಲ್ಲ.

ಮತ್ತೆ ನಮ್ಮ ಮೂರು ಸಾಲುಗಳಿಗೆ ಬರೋಣ. ಡಿಸ್ಕಿನಲ್ಲಿ ಜಾಗ ಮುಗಿದು, ಹೊಸ ನಕಲು ಅರ್ಧಕ್ಕೇ ನಿಂತಿತೆನ್ನೋಣ. ಕಡತದ ಹೆಸರೇನೋ ಸರಿಯಾಗಿದೆ, ಒಳಗಿರುವುದು ಅರೆಬರೆ. ಪ್ರತಿ ರಾತ್ರಿಯೂ ಹೀಗೆಯೇ ಆದರೆ, ಹಳೆಯದನ್ನು ಅಳಿಸುವ ಎರಡನೆಯ ಸಾಲು ಮಾತ್ರ ನಿಷ್ಠೆಯಿಂದ ತನ್ನ ಕೆಲಸ ಮಾಡುತ್ತಿರುತ್ತದೆ. ಮೂವತ್ತು ದಿನಗಳು ಕಳೆಯುವ ವೇಳೆಗೆ ಪೂರ್ಣವಾದ ನಕಲು ಒಂದೂ ಉಳಿದಿರುವುದಿಲ್ಲ. ಇದನ್ನು ತಡೆಯಲು ಕ್ರಮವನ್ನೇ ಬದಲಿಸಬೇಕು. ಮೊದಲು ಹೊಸ ನಕಲನ್ನು ತಾತ್ಕಾಲಿಕ ಹೆಸರಿನಲ್ಲಿ ಸಿದ್ಧಪಡಿಸಬೇಕು. ಅದು ಪೂರ್ಣವಾಗಿದೆಯೇ ಎಂದು ಪರೀಕ್ಷಿಸಬೇಕು. ಆಮೇಲೆ ಅದೇ ಡಿಸ್ಕಿನೊಳಗೆ ಅದಕ್ಕೆ ಶಾಶ್ವತ ಹೆಸರನ್ನು ಕೊಡಬೇಕು. ಎಲ್ಲಕ್ಕೂ ಕೊನೆಗೆ ಹಳೆಯದನ್ನು ಅಳಿಸಬೇಕು. ಹೊಸ ಸೇತುವೆ ಭದ್ರವಾದ ಮೇಲಲ್ಲವೇ ಹಳೆಯ ಸೇತುವೆಯನ್ನು ಕೆಡಹುವುದು? ಒಂದು ರಾತ್ರಿಯ ಕೆಲಸ ಮುಗಿಯುವ ಮುನ್ನ ಇನ್ನೊಂದು ಆರಂಭವಾಗದಂತೆ ಒಂದು ಬೀಗದ ಗುರುತನ್ನೂ ಇಡಬೇಕು. ಅದೇ ಸ್ಕ್ರಿಪ್ಟನ್ನು ಎರಡು ಬಾರಿ ನಡೆಸಿದರೂ ಹಾನಿಯಾಗದಂತೆ ಬರೆಯುವುದು ಇನ್ನೂ ಉತ್ತಮ.

ಓಡುತ್ತಿರುವ ಸ್ಕ್ರಿಪ್ಟನ್ನು ತಿದ್ದುವುದೂ ಅಪಾಯಕರ. ಬ್ಯಾಷ್ ಕಡತವನ್ನು ಒಮ್ಮೆಗೇ ಓದಿ ಮುಗಿಸದೆ, ನಡೆಸುತ್ತ ನಡೆಸುತ್ತ ಮುಂದಕ್ಕೆ ಓದುತ್ತದೆ. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಮಹಾಗಣಕದಲ್ಲಿ ಹಳೆಯ ದಾಖಲೆ ಕಡತಗಳನ್ನು ಅಳಿಸುವ ಸ್ಕ್ರಿಪ್ಟೊಂದು ಓಡುತ್ತಿರುವಾಗಲೇ ಅದರ ಮೇಲೆ ಹೊಸ ಆವೃತ್ತಿಯನ್ನು ಬರೆಯಲಾಯಿತು. ಶೆಲ್ ಹೊಸ ಕಡತವನ್ನು ನಡುವಿನಿಂದ ಓದತೊಡಗಿತು. ಮೇಲಿನ ಸಾಲುಗಳಲ್ಲಿ ಬೆಲೆ ಪಡೆಯಬೇಕಾಗಿದ್ದ ಹೆಸರುಗಳು ಬರಿದಾಗಿಯೇ ಉಳಿದವು. ಪರಿಣಾಮವಾಗಿ ಸುಮಾರು 77 ಟೆರಾಬೈಟ್‌ಗಳಷ್ಟು, ಅಂದರೆ ಸುಮಾರು 3.4 ಕೋಟಿ ಕಡತಗಳು ಅಳಿದುಹೋದವು. 14 ಸಂಶೋಧನಾ ತಂಡಗಳಿಗೆ ಹಾನಿಯಾಯಿತು. ಅವುಗಳಲ್ಲಿ 4 ತಂಡಗಳು ಕಳೆದುಕೊಂಡುದನ್ನು ಬ್ಯಾಕಪ್ಪಿನಿಂದ ಮರಳಿ ಪಡೆಯಲಾಗಲಿಲ್ಲ. ನಾವು ಮೇಲೆ ಹೇಳಿದ ಎರಡು ಎಚ್ಚರಿಕೆಗಳು, ಅಂದರೆ ಬರಿದಾದ ಹೆಸರನ್ನು ತಡೆಯುವುದು ಮತ್ತು ಹೊಸ ಕಡತವನ್ನು ಬೇರೆಯಾಗಿ ಸಿದ್ಧಪಡಿಸಿ ಹೆಸರು ಬದಲಿಸುವುದು, ಇಲ್ಲಿಯೂ ಉಪಯೋಗಕ್ಕೆ ಬರುತ್ತಿದ್ದವು.

ಕೆಟ್ಟದ್ದು ತಿಳಿಯದಿರುವುದು ಕೆಡುವುದಕ್ಕಿಂತ ಘೋರ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ತಂತ್ರಜ್ಞರೊಬ್ಬರು ತಪ್ಪು ಸರ್ವರ್‌ನಲ್ಲಿ ಅಳಿಸುವ ಆಜ್ಞೆ ಕೊಟ್ಟು, ಮುಖ್ಯ ದತ್ತಸಂಚಯವನ್ನೇ ಕಳೆದರು. ಬ್ಯಾಕಪ್ ಇದೆಯಲ್ಲ ಎಂದು ಹುಡುಕಿದಾಗ, ನಿತ್ಯದ ನಕಲುಗಳು ವಿಫಲವಾಗುತ್ತಲೇ ಬಂದಿದ್ದವೆಂದು ಗೊತ್ತಾಯಿತು. ವೈಫಲ್ಯವನ್ನು ತಿಳಿಸುವ ಮಿಂಚಂಚೆಗಳು ಯಾರಿಗೂ ತಲುಪದೆ ತಿರಸ್ಕೃತವಾಗುತ್ತಿದ್ದವು. ಅದೃಷ್ಟವಶಾತ್ ಸುಮಾರು ಆರು ಗಂಟೆಗಳ ಹಿಂದೆ ಬೇರೆ ಕಾರಣಕ್ಕಾಗಿ ತೆಗೆದಿದ್ದ ಒಂದು ಪ್ರತಿ ಇದ್ದುದರಿಂದ ನಷ್ಟವು ಅಷ್ಟಕ್ಕೇ ನಿಂತಿತು. ಇದರಿಂದ ತಿಳಿಯುವುದೇನೆಂದರೆ, ಸ್ಕ್ರಿಪ್ಟು ತಾನು ಮಾಡಿದ್ದನ್ನು ದಿನಾಂಕ ಮತ್ತು ವೇಳೆಯ ಸಹಿತ ದಿನಚರಿಯಲ್ಲಿ ಬರೆಯಬೇಕು, ವಿಫಲವಾದಾಗ ಕೂಗಬೇಕು, ಆ ಕೂಗು ತಲುಪುತ್ತದೆಯೇ ಎಂದು ಆಗಾಗ ನೋಡುತ್ತಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಿಂಗಳಿಗೊಮ್ಮೆಯಾದರೂ ಒಂದು ನಕಲನ್ನು ಬಿಚ್ಚಿ, ಅದರಿಂದ ಮಾಹಿತಿಯನ್ನು ಮರಳಿ ಪಡೆದು ನೋಡಬೇಕು. ಮರಳಿ ಪಡೆದು ನೋಡದ ನಕಲನ್ನು ನಕಲೆಂದು ನಂಬಲಾಗದು.

ಹಗಲಿನಲ್ಲಿ ಸರಿಯಾಗಿ ನಡೆದ ಸ್ಕ್ರಿಪ್ಟು ರಾತ್ರಿ ಕೆಡುವುದುಂಟು. ಮೇಜಿನ ಮುಂದೆ ಕುಳಿತಾಗ ಶೆಲ್‌ಗೆ ನಮ್ಮ ಆಜ್ಞೆಗಳು ಎಲ್ಲಿರುತ್ತವೆಂಬುದು ಗೊತ್ತಿರುತ್ತದೆ. ನಿಗದಿತ ವೇಳೆಗೆ ಕೆಲಸವನ್ನು ಎಬ್ಬಿಸುವ ಕ್ರಾನ್ ಎಂಬ ವ್ಯವಸ್ಥೆಗೆ ಆ ಪರಿಚಯ ಅಷ್ಟಾಗಿ ಇರುವುದಿಲ್ಲ. ಆದಕಾರಣ ಆಜ್ಞೆಗಳ ಮತ್ತು ಫೋಲ್ಡರುಗಳ ಪೂರ್ಣ ವಿಳಾಸವನ್ನು ಬರೆಯುವುದು ಒಳ್ಳೆಯ ಅಭ್ಯಾಸ.

ಇನ್ನು, ಇಂದು ಬರೆದದ್ದನ್ನು ನಾಳೆ ಇನ್ನೊಬ್ಬರು ಓದಬೇಕು. ಬರೆದ ಯುವಕನು ಬೇರೆ ಕೆಲಸಕ್ಕೆ ಹೋಗಬಹುದು. ಅವನೇ ಇದ್ದರೂ ಎರಡು ವರ್ಷಗಳ ಮೇಲೆ ತನ್ನ ಬರಹವೇ ತನಗೆ ಅಪರಿಚಿತವಾಗಬಹುದು. ಆದುದರಿಂದ ಬದಲಾಗಬಹುದಾದ ವಿಳಾಸ, ದಿನಗಳ ಸಂಖ್ಯೆ ಮುಂತಾದವನ್ನು ಕಡತದ ತಲೆಯಲ್ಲೇ ಸ್ಪಷ್ಟವಾದ ಹೆಸರುಗಳಲ್ಲಿ ಇಡಬೇಕು. ಕೆಲಸಗಳನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಬೇಕು. ಟಿಪ್ಪಣಿಯು ಏನು ಮಾಡುತ್ತಿದೆ ಎಂಬುದನ್ನಲ್ಲ, ಏಕೆ ಹಾಗೆ ಮಾಡುತ್ತಿದೆ ಎಂಬುದನ್ನು ಹೇಳಬೇಕು. 'ಮೂವತ್ತು ದಿನ' ಎಂದು ಸಾಲೇ ಹೇಳುತ್ತದೆ. ಮೂವತ್ತೇ ಏಕೆ ಎಂಬುದನ್ನು ಬರೆದವನಷ್ಟೇ ಹೇಳಬಲ್ಲ. ಏನನ್ನೂ ಮಾಡದೆ, ಮಾಡಲಿರುವುದನ್ನು ಮಾತ್ರ ತೋರಿಸುವ ಪರೀಕ್ಷಾ ವಿಧಾನವೊಂದನ್ನು ಅಳವಡಿಸಿದರೆ ಹೊಸಬರಿಗೆ ಧೈರ್ಯ ಬರುತ್ತದೆ. ಯಾರು, ಯಾವಾಗ, ಏನನ್ನು ತಿದ್ದಿದರು ಎಂಬ ಲೆಕ್ಕವನ್ನು ಗಿಟ್‌ನಂಥ ತಂತ್ರಾಂಶದಲ್ಲಿ ಇಡಬೇಕು. ಕೆಲಸವು ತೀರ ಜಟಿಲವಾದರೆ ಶೆಲ್ಲನ್ನು ಬಿಟ್ಟು ಪೈಥಾನ್‌ನಂಥ ಭಾಷೆಗೆ ಹೋಗುವುದೇ ವಿವೇಕ.

ಇದೆಲ್ಲ ಕೆಲವೇ ತಂತ್ರಜ್ಞರಿಗೆ ಸೇರಿದ ವಿಷಯವೆಂದು ನಾವು ಭಾವಿಸಬಾರದು. ನಮ್ಮ ರಾಜ್ಯದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ರೈತನ ಜಮೀನು, ವಿದ್ಯಾರ್ಥಿಯ ಅಂಕಪಟ್ಟಿ, ರೋಗಿಯ ಚಿಕಿತ್ಸೆಯ ವಿವರ, ಇವೆಲ್ಲ ಇಂದು ಯಾವುದೋ ಸರ್ವರ್‌ನಲ್ಲಿ ಕಡತಗಳಾಗಿವೆ. ಅವುಗಳನ್ನು ಕಾಯುವ ಕೆಲಸದ ಬಹುಭಾಗವು ನಾವು ನಿದ್ರಿಸುವಾಗ, ಯಾರೋ ಎಂದೋ ಬರೆದಿಟ್ಟ ಕೆಲವು ಸಾಲುಗಳಿಂದ ನಡೆಯುತ್ತದೆ. ಆ ಸಾಲುಗಳಿಗೆ ಸ್ವಂತ ವಿವೇಕವಿಲ್ಲ. ಬರೆದವನು ಮುಂದಾಲೋಚಿಸಿ ಅವುಗಳಲ್ಲಿ ಇಟ್ಟಷ್ಟೇ ವಿವೇಕ ಅವುಗಳಿಗೆ ಉಂಟು. ಎಲ್ಲವೂ ಸರಿಯಿದ್ದಾಗ ನಡೆಯುವ ಸ್ಕ್ರಿಪ್ಟನ್ನು ಯಾರೂ ಬರೆಯಬಲ್ಲರು. ಏನಾದರೂ ಕೆಟ್ಟಾಗ ಯಾರಿಗೂ ಕೇಡು ಮಾಡದೆ ನಿಂತು, ಕೆಟ್ಟಿತೆಂದು ಹೇಳುವ ಸ್ಕ್ರಿಪ್ಟನ್ನು ಬರೆಯುವವನು, ತಾನು ಎಂದೂ ಕಾಣದ ಜನರ ಬಾಳಿಗೆ ಕಾವಲುಗಾರನಾಗುತ್ತಾನೆ.