ಮಾರ್ಮಲೇಡ್ ಎಂಬ ಮಾತು

ಮಾರ್ಮಲೇಡನ್ನು ಅರಿಯದವರು ನಮ್ಮ ಪಟ್ಟಣಗಳಲ್ಲಿ ವಿರಳ. ಕಿತ್ತಳೆಯ ಜಾತಿಯ ಹಣ್ಣನ್ನು ಸಿಪ್ಪೆಯ ಚೂರುಗಳೊಡನೆ ಸಕ್ಕರೆಯಲ್ಲಿ ಕುದಿಸಿ ಮಾಡಿದ ಪಾಕವದು. ಸಿಹಿಯ ಬೆನ್ನಲ್ಲೇ ಒಂದಿಷ್ಟು ಕಹಿ. ಅದಕ್ಕೆ ಈ ಹೆಸರು ಬಂದುದು ಹೇಗೆ?

ಸ್ಕಾಟ್ಲೆಂಡಿನ ಮೇರಿ ರಾಣಿಗೆ ಕಾಯಿಲೆಯಾದಾಗ ಈ ಪಾಕವೊಂದೇ ರುಚಿಸಿತೆಂದೂ, ಫ್ರೆಂಚಿನಲ್ಲಿ ‘ರೋಗಿ’ ಎಂಬರ್ಥದ ‘ಮಲಾದ್’ ಶಬ್ದವು ಆಕೆಯ ಹೆಸರಿನೊಡನೆ ಕೂಡಿ ಮಾರ್ಮಲೇಡ್ ಆಯಿತೆಂದೂ ಒಂದು ಕಥೆಯುಂಟು. ಕೆಲವು ವರ್ಷ ನಾನೂ ಇದನ್ನು ತರಗತಿಯಲ್ಲಿ ಹೇಳಿ ವಿದ್ಯಾರ್ಥಿಗಳನ್ನು ನಗಿಸಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, “ರಾಣಿ ಹುಟ್ಟಿದ್ದು ಯಾವಾಗ ಸಾರ್?” ಎಂದು ಕೇಳಿದನು. 1542ರಲ್ಲಿ ಎಂದೆನು. ಆ ಸಂಜೆ ಪುಸ್ತಕಗಳನ್ನು ತೆಗೆದು ನೋಡಿದಾಗ ನಾಚಿಕೆಯಾಯಿತು. ಎಂಟನೆಯ ಹೆನ್ರಿ ದೊರೆಗೆ 1524ರಲ್ಲಿಯೇ ಎಕ್ಸೆಟರಿನವನೊಬ್ಬನು ಒಂದು ಪೆಟ್ಟಿಗೆ ಮಾರ್ಮಲೇಡನ್ನು ಕಾಣಿಕೆ ಕೊಟ್ಟಿದ್ದನು! ಹೆಸರು ರಾಣಿಗಿಂತ ಹಿರಿಯದು.

ಅದರ ನಿಜವಾದ ವಂಶಾವಳಿ ಬೇರೆ. ಗ್ರೀಕಿನಲ್ಲಿ ‘ಮೆಲಿ’ ಎಂದರೆ ಜೇನು, ‘ಮೇಲೊನ್’ ಎಂದರೆ ಸೇಬು. ಎರಡೂ ಕೂಡಿದ ‘ಮೆಲಿಮೇಲೊನ್’ ಒಂದು ಬಗೆಯ ಸಿಹಿ ಸೇಬಿನ ಹೆಸರು. ಅದು ಲ್ಯಾಟಿನ್ನನ್ನು ಹಾದು ಪೋರ್ತುಗೀಸಿನಲ್ಲಿ ‘ಮರ್ಮೆಲು’ ಎಂದಾಗುವಷ್ಟರಲ್ಲಿ ಕ್ವಿನ್ಸ್ ಎಂಬ ಬೇರೊಂದು ಹಣ್ಣಿಗೆ ಸಂದಿತು. ಈ ಹಣ್ಣು ಸೇಬಿನ ಬಂಧು, ಹಸಿಯಾಗಿ ತಿನ್ನಲು ಗಡುಸು, ಒಗರು, ಬೇಯಿಸಿದರೆ ಕಂಪು. ಅದನ್ನು ಸಕ್ಕರೆಯೊಡನೆ ಗಟ್ಟಿಯಾಗಿ ಕಾಯಿಸಿ, ಚಾಕುವಿನಿಂದ ಕತ್ತರಿಸಿ ತಿನ್ನುವ ತಿನಿಸೇ ‘ಮರ್ಮೆಲಾದ’. ಹೆನ್ರಿಗೆ ಪೆಟ್ಟಿಗೆಯಲ್ಲಿ ಬಂದುದೂ ಇಂಥದೇ ಇರಬೇಕು. ಇಂಗ್ಲಿಷಿನಲ್ಲಿ ಹೆಸರು ಕಿತ್ತಳೆಯ ಪಾಲಾದುದು ಆಮೇಲೆ.

ಉಳಿದ ಯೂರೋಪಿನಲ್ಲಿ ಅದು ಬೇರೆ ಬೇರೆ ದಾರಿ ಹಿಡಿಯಿತು. ಪೋರ್ತುಗಲ್ಲಿನಲ್ಲಿ ಇಂದಿಗೂ ಅದು ಕ್ವಿನ್ಸಿನ ಪಾಕವೇ. ಜರ್ಮನರ, ಸ್ಪೇನಿನವರ, ಇಟಲಿಯವರ ಮನೆಮಾತಿನಲ್ಲಿ ಯಾವ ಹಣ್ಣಿನ ಪಾಕವಾದರೂ ಸರಿ. ರಷ್ಯದಲ್ಲಿ ‘ಮರ್ಮೆಲಾದ್’ ಎಂದು ಕೇಳಿದರೆ ಅಂಗಡಿಯವನು ಹಣ್ಣಿನ ರಸದಿಂದ ಮಾಡಿದ ಮೆದುವಾದ ಮಿಠಾಯಿಯನ್ನು ಕೊಡುವನು. ಗ್ರೀಸಿಗೂ ಈ ಶಬ್ದವು ಇಟಲಿಯ ಮೂಲಕ ‘ಮರ್ಮೆಲಾದ’ ಎಂದು ಮರಳಿ ಬಂದಿತು. ತವರಿನವರು ತಮ್ಮ ಮಗಳನ್ನೇ ಪರದೇಶದ ಅತಿಥಿಯೆಂದು ಬರಮಾಡಿಕೊಂಡರು.

ಇಷ್ಟು ಅರ್ಥಗಳಿದ್ದ ಮೇಲೆ ವ್ಯಾಜ್ಯವೂ ಹುಟ್ಟಬೇಕಷ್ಟೆ. 1979ರಲ್ಲಿ ಯೂರೋಪಿನ ಆರ್ಥಿಕ ಸಮುದಾಯವು ಬ್ರಿಟಿಷರ ರೂಢಿಯಂತೆ, ಕಿತ್ತಳೆ ನಿಂಬೆಗಳ ಜಾತಿಯ ಹಣ್ಣಿನ ಪಾಕವನ್ನು ಮಾತ್ರ ಮಾರ್ಮಲೇಡೆಂದು ಮಾರತಕ್ಕದ್ದೆಂದು ವಿಧಿಸಿತು. ಜರ್ಮನರು ಜಾಡಿಯ ಮೇಲೆ ‘ಕಾನ್ಫಿಟ್ಯೂರ್’ ಎಂದು ಬರೆದರು. ಮನೆಯಲ್ಲಿ ಮಾತ್ರ ‘ಮರ್ಮೆಲಾದೆ’ ಎಂದೇ ಕರೆದರು. 2004ರಲ್ಲಿ ಆಸ್ಟ್ರಿಯ, ಜರ್ಮನಿಗಳ ರೈತರ ಸಂತೆ ಮೊದಲಾದ ಕಡೆಗಳಿಗೆ ವಿನಾಯಿತಿ ದೊರೆಯಿತು. 2024ರಲ್ಲಿ, ಬ್ರಿಟನ್ ಒಕ್ಕೂಟವನ್ನು ಬಿಟ್ಟ ನಾಲ್ಕು ವರ್ಷಗಳ ಮೇಲೆ, ಇತರ ಹಣ್ಣಿನ ಪಾಕಕ್ಕೂ ಆ ಹೆಸರನ್ನು ಇಡಗೊಡುವ ಅಧಿಕಾರವನ್ನು ಒಕ್ಕೂಟವು ಸದಸ್ಯ ರಾಷ್ಟ್ರಗಳಿಗೆ ಕೊಟ್ಟಿತು. ನಾಲ್ವತ್ತೈದು ವರ್ಷಗಳ ಶಾಸನವು ಅಡುಗೆಮನೆಯ ಮಾತನ್ನು ತಿದ್ದಲಾರದೆ ಹೋಯಿತು.

ಯೋಗಾರ್ಥಕ್ಕಿಂತ ರೂಢಿಯೇ ಬಲವೆಂದು ನಮ್ಮ ಶಾಸ್ತ್ರಕಾರರು ಹೇಳುವುದು ಇದನ್ನೇ. ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದುದು. ಹಾಗೆಂದು ಕಪ್ಪೆಯನ್ನು ಪಂಕಜವೆಂದು ಯಾರೂ ಕರೆಯರು. ಮಾತಿನ ಮೂಲವನ್ನು ತಿಳಿಯುವುದು ಅದು ನಡೆದು ಬಂದ ದಾರಿಯನ್ನು ಕಾಣುವುದಕ್ಕೆ. ಆಡುವವರ ಬಾಯನ್ನು ಕಟ್ಟುವುದಕ್ಕಲ್ಲ. ಆದರೆ ಆ ದಾರಿಯನ್ನು ಹೇಳುವವನು ಸರಿಯಾಗಿ ಹೇಳಬೇಕು. ಮೇರಿ ರಾಣಿಯ ಕಥೆಯನ್ನು ನಾನು ಈಗಲೂ ತರಗತಿಯಲ್ಲಿ ಹೇಳುತ್ತೇನೆ. ಹೇಳುವ ಮುನ್ನ ಕರಿಹಲಗೆಯ ಮೇಲೆ ಎರಡು ಇಸವಿಗಳನ್ನು ಬರೆದಿಡುತ್ತೇನೆ.