ವೈರಸ್ ‘ಹೋಲುತ್ತದೆ’ ಅಂದರೆ, ಎಷ್ಟು ಉದ್ದಕ್ಕೆ ಅಂತ ಕೇಳಿ

2020ರ ಜನವರಿ 31ರಂದು ದೆಹಲಿಯ ಸಂಶೋಧಕರ ತಂಡವೊಂದು ಬಯೋಆರ್ಕೈವ್ ತಾಣದಲ್ಲಿ ಪ್ರಬಂಧವೊಂದನ್ನು ಹಾಕಿತು. ಹೊಸ ಕೊರೊನಾ ವೈರಸ್‌ನ ಸ್ಪೈಕ್ ಪ್ರೋಟೀನಿನ ನಾಲ್ಕು ತುಣುಕುಗಳು ಎಚ್‌ಐವಿಯನ್ನು ಹೋಲುತ್ತವೆ ಎಂಬುದು ಅದರ ವಾದ. ವಿಜ್ಞಾನಿಗಳು ತಕರಾರು ಎತ್ತಿದ ಮೇಲೆ ಕೆಲವೇ ದಿನಗಳಲ್ಲಿ ಪ್ರಬಂಧ ವಾಪಸಾಯಿತು. ಆದರೆ ‘ಲ್ಯಾಬ್‌ನಲ್ಲಿ ಮಾಡಿದ ವೈರಸ್’ ಅನ್ನೋ ಫಾರ್ವರ್ಡ್‌ಗಳು ವಾಪಸಾಗಲಿಲ್ಲ.

ಅಷ್ಟಕ್ಕೂ ಎರಡು ಪ್ರೋಟೀನುಗಳ ಹೋಲಿಕೆ ಅಳೆಯೋದು ಹೇಗೆ?

ಪ್ರೋಟೀನು ಅಂದ್ರೆ 20 ಬಗೆಯ ಅಮೈನೋ ಆಮ್ಲಗಳ ಸರಪಳಿ. ಒಂದೊಂದಕ್ಕೂ ಒಂದೊಂದು ಅಕ್ಷರ ಕೊಟ್ಟರೆ ಅದೊಂದು ಉದ್ದನೆಯ ಪದ. ಇಂಜಿನಿಯರಿಂಗ್ ಓದುವಾಗ ಎರಡು ಪದಗಳಲ್ಲಿ ಎಷ್ಟು ಅಕ್ಷರ ಬೇರೆ ಅಂತ ಎಣಿಸೋ ಪ್ರೋಗ್ರಾಂ ನಾನೂ ಬರೆದಿದ್ದೆ. ಇಲ್ಲಿ ಆ ಎಣಿಕೆಯೊಂದೇ ಸಾಲದು. ಕನ್ನಡದಲ್ಲೇ ನೋಡಿ: ‘ಹಾಗೆ’ ಹೋಗಿ ‘ಹಂಗೆ’ ಆದರೆ ಅರ್ಥ ಕೆಡಲ್ಲ, ‘ಹಾಲು’ ಹೋಗಿ ‘ಹಾಳು’ ಆದರೆ ಕಥೆ ಮುಗೀತು.

ಪ್ರೋಟೀನಿನಲ್ಲೂ ಅಷ್ಟೇ. ಐಸೋಲ್ಯೂಸಿನ್ ಜಾಗಕ್ಕೆ ಅದರ ಗುಣದ್ದೇ ಆದ ವ್ಯಾಲಿನ್ ಬಂದರೆ ಸಾಮಾನ್ಯವಾಗಿ ಕೆಲಸ ನಡೆಯುತ್ತೆ. ಆದರೆ 146 ಅಮೈನೋ ಆಮ್ಲಗಳ ಬೀಟಾ ಗ್ಲೋಬಿನ್‌ನಲ್ಲಿ ಆರನೆಯ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಕೂತರೆ? ಸಿಕಲ್ ಸೆಲ್ ಕಾಯಿಲೆಯ ಮೂಲವೇ ಅದು.

ಹಾಗಾಗಿ ಪ್ರತಿ ಅದಲುಬದಲಿಗೂ ಅಂಕ ಇದೆ. 1992ರಲ್ಲಿ ಸ್ಟೀವನ್ ಮತ್ತು ಜೋರ್ಜಾ ಹೆನಿಕಾಫ್ ಪ್ರಕಟಿಸಿದ ಬ್ಲಾಸಮ್62 ಕೋಷ್ಟಕದಲ್ಲಿ ಮೊದಲನೆಯ ಬದಲಾವಣೆಗೆ +3, ಎರಡನೆಯದಕ್ಕೆ –2. ನಡುವೆ ಖಾಲಿ ಜಾಗ ಬಿಟ್ಟರೆ ದಂಡ.

ಅಂಕ ಬಂದರೂ ಒಂದು ಪ್ರಶ್ನೆ ಉಳಿಯುತ್ತೆ: ಇದು ನಂಟೋ, ಕಾಕತಾಳೀಯವೋ? 1990ರಲ್ಲಿ ಬಂದ ಬ್ಲಾಸ್ಟ್ ಎಂಬ ಹುಡುಕು ಸಾಧನ ಇವತ್ತು ಇದಕ್ಕೆ ‘ಇ-ಮೌಲ್ಯ’ ಕೊಡುತ್ತೆ. ಅಂದರೆ, ಇಷ್ಟು ಒಳ್ಳೆಯ ಹೋಲಿಕೆ ಬರೀ ಆಕಸ್ಮಿಕವಾಗಿ ಎಷ್ಟು ಸಲ ಸಿಗಬಹುದು ಎಂಬ ಅಂದಾಜು. ಸೊನ್ನೆಗೆ ಹತ್ತಿರವಿದ್ದರೆ ನಂಟು. ಒಂದು ದಾಟಿದರೆ ನಂಬೋ ಹಾಗಿಲ್ಲ.

ದೆಹಲಿಯ ಪ್ರಬಂಧ ಎಡವಿದ್ದು ಇಲ್ಲೇ. ಅದರ ಕೆಲವು ತುಣುಕುಗಳು ಬರೀ ಆರು ಅಕ್ಷರದವು. 20 ಅಕ್ಷರಗಳಿಂದ ಆಗುವ ಆರಕ್ಷರದ ಪದಗಳು 6.4 ಕೋಟಿ. ನೂರಾರು ಕೋಟಿ ಅಕ್ಷರಗಳ ಭಂಡಾರದಲ್ಲಿ ಅಂಥ ತುಣುಕು ಹತ್ತಾರು ಕಡೆ ಸಿಕ್ಕೇ ಸಿಗುತ್ತೆ.

ಉಲ್ಟಾ ಉದಾಹರಣೆಯೂ ಇದೆ. ಮಯೋಗ್ಲೋಬಿನ್ ಮತ್ತು ಹೀಮೋಗ್ಲೋಬಿನ್ ಸರಪಳಿಗಳಲ್ಲಿ ಸುಮಾರು ಕಾಲು ಭಾಗ ಮಾತ್ರ ಒಂದೇ, ಆದರೂ ಒಂದೇ ವಂಶದವು.

‘ಹೋಲುತ್ತದೆ’ ಎಂಬ ಸುದ್ದಿ ಬಂದಾಗ ಎಷ್ಟು ಉದ್ದಕ್ಕೆ, ಇ-ಮೌಲ್ಯ ಎಷ್ಟು ಅಂತ ಕೇಳಿ. ಹೆಡ್‌ಲೈನ್ ಬರೆಯೋ ನಮ್ಮಂಥವರು ಇದನ್ನು ಓದುಗರಿಗಿಂತ ಮೊದಲೇ ಕೇಳಬೇಕು.