‘ನಾಳೆ ನೋಡಿದರಾಯ್ತು’ ಅಂದಿದ್ದೆ!

ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದ ನನಗೆ ಗ್ಯಾರೇಜೇ ಗತಿ ಅಂದುಕೊಂಡಿದ್ದೆ. ಆದರೆ ಕೆಲಸ ಸಿಕ್ಕಿದ್ದು ಉತ್ತರ ಕನ್ನಡ ಕರಾವಳಿಯ ಒಂದು ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ, ಗುತ್ತಿಗೆ ಮೇಲೆ. ವಿಜ್ಞಾನಿಗಳು ಸಮುದ್ರಕ್ಕೆ ಹೋಗುವ ಫೈಬರ್ ದೋಣಿ, ಅದರ ಔಟ್‌ಬೋರ್ಡ್ ಎಂಜಿನ್, ಬಲೆ, ಹಗ್ಗ, ನೀರಿನ ಮಾದರಿ ತೆಗೆಯುವ ಬಾಟಲಿ ಎಲ್ಲವನ್ನೂ ನಾನೇ ನೋಡಿಕೊಳ್ಳಬೇಕು. ‘ಅಲ್ಲಿ ಏನ್ ಮಾಡ್ತೀಯೋ?’ ಎಂದು ಗೆಳೆಯರು ಕೇಳಿದರೆ ‘ದೋಣಿ ತೊಳೀತೇನೆ’ ಎನ್ನಲು ನಾಚಿಕೆಯಾಗುತ್ತಿತ್ತು.

ನಿಜ ಹೇಳಬೇಕೆಂದರೆ, ಕೆಲಸದ ಮುಕ್ಕಾಲು ಪಾಲು ತೊಳೆಯುವುದೇ. ಔಟ್‌ಬೋರ್ಡ್ ಎಂಜಿನ್ ಸಮುದ್ರದ ನೀರನ್ನೇ ಹೀರಿಕೊಂಡು ತಣ್ಣಗಾಗುತ್ತದೆ. ಹಾಗಾಗಿ ದಡಕ್ಕೆ ಬಂದ ಮೇಲೆ ಅದರೊಳಗೆ ಸಿಹಿನೀರು ಹರಿಸಬೇಕು. ಇಲ್ಲದಿದ್ದರೆ ಉಪ್ಪು ಒಳಗೇ ಗಟ್ಟಿಯಾಗುತ್ತದೆ. ಎಂಜಿನ್‌ನ ಕೆಳಭಾಗಕ್ಕೆ ಸತುವಿನ ತುಂಡೊಂದನ್ನು ಬಿಗಿದಿರುತ್ತಾರೆ. ಉಪ್ಪುನೀರು ಮೊದಲು ಅದನ್ನು ತಿನ್ನುವುದರಿಂದ ಎಂಜಿನ್ ಉಳಿಯುತ್ತದೆ. ಸತು ಸವೆದಾಗ ಬದಲಿಸಬೇಕು. ಪ್ಲವಕ ಹಿಡಿಯುವ ಬಲೆಯ ಕಣ್ಣುಗಳು ತೀರಾ ಸಣ್ಣವು. ಸರಿಯಾಗಿ ತೊಳೆಯದಿದ್ದರೆ ಅವು ಕಟ್ಟಿಕೊಂಡು ವಿಜ್ಞಾನಿಗಳ ಲೆಕ್ಕವೇ ತಪ್ಪುತ್ತದೆ.

ಸೇರಿ ಐದು ತಿಂಗಳಾಗಿತ್ತು. ಎಂಜಿನ್ ಓಡುವಾಗ ಹಿಂದಿನಿಂದ ಸಣ್ಣ ನೀರಿನ ಧಾರೆ ಚಿಮ್ಮುತ್ತದೆ. ಒಳಗೆ ನೀರು ಹರಿಯುತ್ತಿದೆ ಎನ್ನುವುದಕ್ಕೆ ಅದೇ ಗುರುತು. ‘ತಮಾ, ನೀರು ಸಣ್ಣ ಬೀಳ್ತದಲ್ಲ, ನೋಡು’ ಎಂದು ನಮ್ಮ ತಾಂಡೇಲರು ಎರಡು ಸಲ ಹೇಳಿದ್ದರು. ಸಂಜೆ ಬಸ್ಸು ತಪ್ಪುತ್ತದೆ ಎಂಬ ಅವಸರ ನನಗೆ. ‘ನಾಳೆ ನೋಡಿದರಾಯ್ತು ಅಣ್ಣಾ’ ಅಂದೆ.

ಮರುದಿನ ಅಳಿವೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಧಾರೆ ನಿಂತಿತು, ಎಂಜಿನ್ ಬಿಸಿಯಾಗಿ ಅಲಾರಂ ಹೊಡೆಯಿತು. ತಾಂಡೇಲರು ತಕ್ಷಣ ಎಂಜಿನ್ ಆರಿಸಿ ಲಂಗರು ಹಾಕಿದರು. ಒಂದೂವರೆ ತಾಸು ಬಿಸಿಲಲ್ಲಿ ಕೂತೆವು. ಕೊನೆಗೆ ಮೀನುಗಾರರ ದೋಣಿಯೊಂದು ನಮ್ಮನ್ನು ಎಳೆದು ತಂದಿತು. ಬಿಚ್ಚಿ ನೋಡಿದರೆ ನೀರು ಹೀರುವ ಪಂಪಿನೊಳಗಿನ ಪುಟ್ಟ ರಬ್ಬರ್ ಚಕ್ರದ ಎಸಳುಗಳು ಹರಿದಿದ್ದವು. ಬಿಡಿಭಾಗ ಬರುವ ಹೊತ್ತಿಗೆ ತಿಂಗಳೇ ಮುಗಿದಿತ್ತು.

ಮೇಡಂ ಬೈಯಲಿಲ್ಲ. ರಿಜಿಸ್ಟರ್ ತೆರೆದು ತೋರಿಸಿದರು. ಪ್ರತಿ ತಿಂಗಳೂ ಅದೇ ಜಾಗಗಳ ನೀರಿನ ಉಷ್ಣತೆ, ಉಪ್ಪಿನಂಶ, ಪ್ಲವಕಗಳ ಲೆಕ್ಕ. ಹಲವು ವರ್ಷಗಳ ಸಾಲುಗಳ ಕೊನೆಯಲ್ಲಿ ಒಂದು ಸಾಲು ಖಾಲಿ. ‘ಈ ವಾರ ಹೋಗಿ ತರೋಣ ಮೇಡಂ’ ಅಂದೆ. ‘ಹೋದ ತಿಂಗಳ ಸಮುದ್ರ ಈಗ ಎಲ್ಲಿ ಸಿಗ್ತದೆ?’ ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈಗ ನನ್ನದೂ ಒಂದು ನೋಟ್‌ಬುಕ್ ಇದೆ. ಎಂಜಿನ್ ಎಷ್ಟು ತಾಸು ಓಡಿತು, ಏನು ಬದಲಿಸಿದೆ, ಏನು ಬಾಕಿ ಎಂದು ದಿನವೂ ಬರೆಯುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬಂದರು ಸುಮ್ಮನಿರುವ ಆ ದಿನಗಳಲ್ಲೇ ನನಗೆ ಹೆಚ್ಚು ಕೆಲಸ. ದೋಣಿ ಮೇಲೆತ್ತಿ ತಳಕ್ಕಂಟಿದ ಚಿಪ್ಪು ಕೆರೆಯುವುದು, ಫೈಬರ್‌ನ ಬಿರುಕು ಮುಚ್ಚುವುದು, ಬಣ್ಣ ಬಳಿಯುವುದು. ಆ ರಬ್ಬರ್ ಚಕ್ರ ಚೆನ್ನಾಗಿದ್ದರೂ ಆಗಲೇ ಬದಲಿಸಿಬಿಡುತ್ತೇನೆ.

ಈ ದಾರಿಯಲ್ಲಿ ಆಸಕ್ತಿ ಇರುವವರು ಕೇಂದ್ರ ಸರ್ಕಾರದ ಸಿಫ್ನೆಟ್ ಸಂಸ್ಥೆಯ ಬಗ್ಗೆ ತಿಳಿದುಕೊಳ್ಳಿ. ಕೊಚ್ಚಿ, ಚೆನ್ನೈ, ವಿಶಾಖಪಟ್ಟಣಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಮರೀನ್ ಫಿಟ್ಟರ್, ದೋಣಿ ನಡೆಸುವ ವೆಸೆಲ್ ನ್ಯಾವಿಗೇಟರ್ ಎಂಬ ಎರಡು ವರ್ಷದ ತರಬೇತಿಗಳಿವೆ. ನಾನೂ ಅರ್ಜಿ ಹಾಕುವ ತಯಾರಿಯಲ್ಲಿದ್ದೇನೆ.

ಗೆಳೆಯರು ಈಗಲೂ ಕೇಳುತ್ತಾರೆ. ‘ದೋಣಿ ತೊಳೀತೇನೆ’ ಎಂದೇ ಹೇಳುತ್ತೇನೆ. ಆ ರಿಜಿಸ್ಟರಿನಲ್ಲಿ ಆಮೇಲೆ ಒಂದು ಸಾಲೂ ಖಾಲಿ ಬಿದ್ದಿಲ್ಲ.